ಗಡ್ಡಪ್ಪನಿಗೊಂದು ಸೂರ್ಯ

ನಮ್ಮ ತಿಪಟೂರು ಸೀಮೆಯಲ್ಲಿ ಓತಿಕ್ಯಾತಕ್ಕೆ ಯಾರೂ ಮನೆ ಕಟ್ಟಿಸಿಕೊಟ್ಟದ್ದಿಲ್ಲ. ಒಂದು ಬೇಲಿಗೂಟ, ಅದರ ಮೇಲೆ ಬಿಸಿಲು, ಇಷ್ಟಿದ್ದರೆ ಅದರ ಸಂಸಾರ ಸಾಗುತ್ತದೆ. ಗೂಟ ಪಕ್ಕದ ತೋಟದವರದು, ಬಿಸಿಲು ದೇವರದು. ‘ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ’ ಎಂದು ಗಾದೆ ಕಟ್ಟಿದವರಿಗೂ ಅದರ ಸ್ಥಿರಾಸ್ತಿ ಅಷ್ಟೇ ಎಂಬುದು ಗೊತ್ತಿತ್ತು. ಅದೇ ಕುಲದ ಪ್ರಾಣಿಯೊಂದಕ್ಕೆ ನಾಲ್ಕಡಿ ಉದ್ದದ ಗಾಜಿನ ಬಾಗಿಲಿನ ಮನೆ, ಆ ಮನೆಗೊಬ್ಬ ಕೃತಕ ಸೂರ್ಯ, ಸೂರ್ಯನಿಗೊಂದು ಟೈಮರ್, ಇಷ್ಟೆಲ್ಲದರ ಮೇಲೆ ಸರ್ಕಾರದ ಲೈಸೆನ್ಸು ಬೇರೆ ಬೇಕು ಎಂದು ನನಗೆ ತಿಳಿದದ್ದು ಸಿಡ್ನಿಯಲ್ಲಿ, ಮಗಳ ಮನೆಯಲ್ಲಿ.

ಪ್ರಾಣಿಯ ಹೆಸರು ಬಿಯರ್ಡೆಡ್ ಡ್ರ್ಯಾಗನ್. ಹೆಸರು ಕೇಳಿದರೆ ಬೆಂಕಿ ಉಗುಳುವ ಭೂತವೇ ಕಣ್ಣ ಮುಂದೆ ಬರಬೇಕು. ಮೊಮ್ಮಗಳು ಅಂಗೈ ಮೇಲೆ ಇಟ್ಟುಕೊಂಡು ತೋರಿಸಿದ್ದು ಬಾಲವೂ ಸೇರಿ ಗೇಣುದ್ದ. ಆಸ್ಟ್ರೇಲಿಯಾದ ಒಳನಾಡಿನ ಒಣ ಸೀಮೆಯ ಜೀವಿ. ನಮ್ಮ ಓತಿಕ್ಯಾತ, ತೇಜಸ್ವಿಯವರ ‘ಕರ್ವಾಲೊ’ ಓದಿದ ಮೇಲೆ ನಾವೆಲ್ಲ ಮಲೆನಾಡಿನ ಮರಗಳಲ್ಲಿ ಕತ್ತು ನೋಯುವವರೆಗೆ ಹುಡುಕಿದ ಹಾರುವ ಓತಿ, ಮತ್ತು ಇದು, ಮೂರೂ ಅಗಾಮಿಡೇ ಎಂಬ ಒಂದೇ ಮನೆತನ. ಅಲ್ಲಿನ ಹಳ್ಳಿಗಾಡಿನಲ್ಲೂ ಇವು ಬೇಲಿಗೂಟದ ಮೇಲೆಯೇ ಬಿಸಿಲು ಕಾಯಿಸುತ್ತ ಕೂರುತ್ತವಂತೆ. ಆದರೆ ಗೂಟದ ಮೇಲೆ ಕಂಡದ್ದನ್ನು ಹಿಡಿದು ಮನೆಗೆ ತಂದರೆ ಅಪರಾಧ. ಲೈಸೆನ್ಸು ಇದ್ದವರು ಮರಿ ಮಾಡಿಸಿ ಮಾರುತ್ತಾರೆ, ಲೈಸೆನ್ಸು ಇದ್ದವರು ಕೊಳ್ಳುತ್ತಾರೆ. ತೆಂಗಿನ ಹಿಡಿಕಡ್ಡಿಗೆ ಕುಣಿಕೆ ಹಾಕಿ ಓತಿಕ್ಯಾತ ಹಿಡಿಯುತ್ತಿದ್ದ ನನ್ನ ಬಾಲ್ಯದ ಗೆಳೆಯರ ದಂಡೆಲ್ಲ ಆ ಊರಿನಲ್ಲಿ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ದಂಡ ಕಟ್ಟಿ ಮುಗಿಯುತ್ತಿರಲಿಲ್ಲ.

ಗಲ್ಲದ ಕೆಳಗೆ ಮುಳ್ಳುಮುಳ್ಳಾದ ಚರ್ಮ. ಸಿಟ್ಟು ಬಂದರೆ ಅದನ್ನು ಉಬ್ಬಿಸಿ ಮಸಿ ಬಳಿದಷ್ಟು ಕಪ್ಪಾಗಿಸುತ್ತದೆ. ಮೊಮ್ಮಗಳು ಬಾಯಲ್ಲಿ ಹೊರಳದ ಯಾವುದೋ ಹೆಸರು ಆಲೋಚಿಸುತ್ತಿದ್ದಳು, ಅಷ್ಟರಲ್ಲಿ ನಾನು ‘ಗಡ್ಡಪ್ಪ’ ಎಂದುಬಿಟ್ಟೆ. ‘ತಿಥಿ’ ಸಿನಿಮಾದ ಅಭಿಮಾನಿಯಾದ ಅಳಿಯಂದಿರು ಕೂಡಲೇ ಅನುಮೋದಿಸಿದರು. ಗಡ್ಡಪ್ಪನೋ ಗಡ್ಡಮ್ಮನೋ ಎಂಬುದು ಈ ವಯಸ್ಸಿನಲ್ಲಿ ಸುಲಭಕ್ಕೆ ತಿಳಿಯುವುದಿಲ್ಲ. ಗಡ್ಡ ಇಬ್ಬರಿಗೂ ಉಂಟು. ಸಾಲದ್ದಕ್ಕೆ, ಮೊಟ್ಟೆಗೆ 32 ಡಿಗ್ರಿಗಿಂತ ಹೆಚ್ಚಿನ ಕಾವು ಸಿಕ್ಕರೆ ಗಂಡಿನ ವರ್ಣತಂತು ಹೊತ್ತ ಮರಿಯೂ ಹೆಣ್ಣಾಗಿಯೇ ಹೊರಬರಬಹುದು. ಕಾಡಿನಲ್ಲಿ ಹಾಗಾದವನ್ನು ಹುಡುಕಿ ಹಿಡಿದು ಕ್ಯಾನ್‌ಬೆರಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ನಾಮಕರಣವನ್ನು ಮುಂದೂಡಲು ಇದು ಸಕಾರಣವೇ. ಆದರೂ ಗಡ್ಡಪ್ಪ ಎಂದು ಕರೆದದ್ದಾಗಿತ್ತು, ಅದೂ ತಿರುಗಿ ನೋಡಿದ್ದಾಗಿತ್ತು.

ಮರಿ ತರುವ ಮೊದಲೇ ಅಳಿಯಂದಿರು ಅಂಗಡಿಯಿಂದ ‘ಸ್ಟಾರ್ಟರ್ ಕಿಟ್’ ಎಂಬುದೊಂದನ್ನು ತಂದಿದ್ದರು. ಮದುವೆಗೆ ಕೊಡುವ ಪಾತ್ರೆ ಸೆಟ್ಟಿನಲ್ಲಿ ಯಾರೂ ಬಳಸದ ಪಾತ್ರೆಗಳೇ ಹೆಚ್ಚಿರುತ್ತವಷ್ಟೆ, ಇಲ್ಲಿಯೂ ಹಾಗೆಯೇ. ಚೀಲದ ತುಂಬ ಕೆಂಪು ಮರಳು, ರಾತ್ರಿಗೊಂದು ಕೆಂಪು ಬಲ್ಬು, ಹೊಟ್ಟೆಯಲ್ಲಿ ಹೀಟರ್ ಅಡಗಿಸಿಕೊಂಡ ಒಂದು ಕಲ್ಲು, ಗಾಜಿಗೆ ಅಂಟಿಸುವ ಒಂದು ಮುಳ್ಳಿನ ಥರ್ಮಾಮೀಟರು. ಮೊಮ್ಮಗಳು ಶಾಲೆಯ ಲೈಬ್ರರಿಯಿಂದ ಪುಸ್ತಕ ತಂದು ಓದಿದ್ದಳು. ಪೆಟ್ಟಿಗೆ ಬಿಚ್ಚಿ ಒಂದೊಂದನ್ನೇ ಎತ್ತಿ, ಆಡಿಟ್ ಪಾರ್ಟಿಯವರ ಗತ್ತಿನಲ್ಲಿ ಬದಿಗಿಡತೊಡಗಿದಳು.

ಮರಳು ಬೇಡ. ಮರಿಗೆ ಹುಳ ಹಿಡಿಯುವ ಭರದಲ್ಲಿ ಬಾಯಿಗೆ ಮರಳೂ ಹೋಗುತ್ತದೆ, ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ. ಸಣ್ಣವರಿರುವಾಗ ಅಡಿಗೆಮನೆಯ ಪೇಪರ್ ಟವೆಲ್ಲೋ ಹಳೆಯ ಪತ್ರಿಕೆಯೋ ಸಾಕು. ಗಲೀಜಾದರೆ ಎತ್ತಿ ಎಸೆಯಬಹುದು. ಆಮೇಲೆ ಒರಟು ಟೈಲ್ಸ್ ಹಾಕಿದರೆ ಉಗುರೂ ತನ್ನಷ್ಟಕ್ಕೆ ಸವೆಯುತ್ತದೆ. ಬಿಸಿ ಕಲ್ಲು ಬೇಡ. ಈ ಪ್ರಾಣಿ ಶಾಖವನ್ನು ಮೇಲಿನಿಂದ ಬರುವ ವಸ್ತು ಎಂದು ತಿಳಿದು ಹುಟ್ಟಿದೆ. ಅಡಿಯಿಂದ ಹೊಟ್ಟೆ ಸುಡುತ್ತಿದ್ದರೂ ಎದ್ದು ಹೋಗಬೇಕೆಂದು ಅದಕ್ಕೆ ಹೊಳೆಯುವುದು ತಡ. ಕೆಂಪು ಬಲ್ಬೂ ಬೇಡ, ರಾತ್ರಿ ಎಂದರೆ ಕತ್ತಲೆ. ಮುಳ್ಳಿನ ಥರ್ಮಾಮೀಟರು ಹೇಳುವುದು ಗಾಜಿನ ಬಿಸಿ, ಗಡ್ಡಪ್ಪ ಕೂರುವ ಜಾಗದ್ದಲ್ಲ. ಕೊನೆಗೆ ಕಿಟ್ಟಿನಲ್ಲಿ ಉಳಿದದ್ದು ನೀರಿನ ಬಟ್ಟಲೊಂದೇ. ಅಳಿಯಂದಿರು ಬಿಲ್ಲನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಇಲ್ಲಿಂದ ಮುಂದೆ ನನ್ನ ಸರದಿ. ನಾನು ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಕಂಬ, ತಂತಿ, ಟ್ರಾನ್ಸ್‌ಫಾರ್ಮರು, ಮೀಟರುಗಳ ನಡುವೆ ತಲೆ ಬೆಳ್ಳಗಾಯಿತು. ಮೊಮ್ಮಗಳ ಓತಿಗೆ ಎರಡು ದೀಪ ಹಾಕುವುದು ಯಾವ ಮಹಾ ಕೆಲಸ ಎಂದು ಸ್ಕ್ರೂಡ್ರೈವರ್ ಕೇಳಿದೆ. ಮಗಳು ಗಾಬರಿಯಾದಳು.

“ಅಪ್ಪಾ, ಇಲ್ಲಿ ಗೋಡೆ ಸ್ವಿಚ್ಚು ಬದಲಾಯಿಸೋಕೂ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನೇ ಬರಬೇಕು. ನೀವು ದಯವಿಟ್ಟು ಏನೂ ಬಿಚ್ಚಬೇಡಿ.”

ಓತಿ ಸಾಕಲು ಲೈಸೆನ್ಸು, ಓತಿಗೆ ತಂತಿ ಎಳೆಯಲು ಲೈಸೆನ್ಸು. ಪ್ಲಗ್ಗು ಸಿಕ್ಕಿಸುವುದಕ್ಕೆ ಮಾತ್ರ ಸದ್ಯ ಯಾರ ಅಪ್ಪಣೆಯೂ ಬೇಡ. ಹಾಗಾಗಿ ನನ್ನ ತಾಂತ್ರಿಕ ಸೇವೆ ಪ್ಲಗ್ಗಿನಿಂದ ಈಚೆಗೆ ಸೀಮಿತವಾಯಿತು. ಅಷ್ಟರಲ್ಲೇ ಮಾಡಬೇಕಾದ್ದು ಬೇಕಾದಷ್ಟಿತ್ತು.

ಏಕೆಂದರೆ ಈ ಪ್ರಾಣಿಯ ಮನೆ ಎಂದರೆ ಪೆಟ್ಟಿಗೆಯಲ್ಲ, ಪೆಟ್ಟಿಗೆಯೊಳಗಿನ ಬಿಸಿಲು. ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ವಿದ್ಯೆ ಅದಕ್ಕಿಲ್ಲ. ಬೆಳಗ್ಗೆ ಕಾಯಬೇಕು, ಕಾದಮೇಲೆ ತಿನ್ನಬೇಕು, ತಿಂದದ್ದು ಅರಗಲು ಮತ್ತೆ ಕಾಯಬೇಕು, ಹೆಚ್ಚಾಯಿತೆನಿಸಿದರೆ ನೆರಳಿಗೆ ಸರಿಯಬೇಕು. ಇಡೀ ದಿನದ ಉದ್ಯೋಗ ಇದೇ. ಆದ್ದರಿಂದ ಅದರ ಮನೆಯ ವಾಸ್ತು ಬಹಳ ಸರಳ: ಒಂದು ಕೊನೆಯಲ್ಲಿ ಬೆಂಕಿ, ಇನ್ನೊಂದು ಕೊನೆಯಲ್ಲಿ ನೆರಳು. ದೀಪದ ಕೆಳಗಿನ ಕಲ್ಲಿನ ಮೇಲೆ ಮರಿಗೆ 40ರಿಂದ 43 ಡಿಗ್ರಿ ಬೇಕು, ಎದುರು ಕೊನೆಯಲ್ಲಿ 25ರಿಂದ 28. ರಾಯಚೂರಿನ ಮೇ ತಿಂಗಳಿಂದ ಬೆಂಗಳೂರಿನ ಆಗಸ್ಟಿಗೆ ನಾಲ್ಕೇ ಅಡಿ ನಡಿಗೆ. ರಾತ್ರಿ ದೀಪ ಆರಿದ ಮೇಲೆ 20ರ ಆಸುಪಾಸಿಗೆ ಇಳಿದರೂ ಚಿಂತೆಯಿಲ್ಲ, ಮರುಭೂಮಿಯಲ್ಲೂ ರಾತ್ರಿ ತಣ್ಣಗೇ ಇರುತ್ತದೆ. ಎರಡು ಕೊನೆಗೂ ತಂತಿಯ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರು ಇಟ್ಟು, ಬಿಸಿ ದೀಪಕ್ಕೆ ಥರ್ಮೋಸ್ಟ್ಯಾಟ್ ಕಟ್ಟಿ, ಮರಿ ಬರುವ ಮುನ್ನ ಖಾಲಿ ಮನೆಯಲ್ಲೇ ದಿನಗಟ್ಟಲೆ ದೀಪ ಉರಿಸಿ, ಗಂಟೆಗೊಮ್ಮೆ ಡಿಗ್ರಿ ಬರೆದಿಟ್ಟೆ. ‘ಯಾರೂ ಇಲ್ಲದ ಮನೆಗೆ ದೀಪ ಯಾಕ್ರೀ’ ಎಂದು ನನ್ನಾಕೆ ಕೇಳಿದ್ದು ನ್ಯಾಯವೇ. ಲೈನ್ ಟೆಸ್ಟ್ ಮಾಡದೆ ಚಾರ್ಜ್ ಮಾಡುವ ಅಭ್ಯಾಸ ನನಗಿಲ್ಲ ಎಂದೆ.

ಲೆಕ್ಕವನ್ನೂ ಹಾಕಿದೆ, ಕೈ ಸುಮ್ಮನಿರಬೇಕಲ್ಲ. ನೂರು ವ್ಯಾಟಿನ ಹ್ಯಾಲೊಜನ್ ದೀಪ, 39 ವ್ಯಾಟಿನ ಯುವಿಬಿ ಟ್ಯೂಬು, ದಿನಕ್ಕೆ 12 ಗಂಟೆ. ಥರ್ಮೋಸ್ಟ್ಯಾಟಿನ ಉಳಿತಾಯ ಬಿಟ್ಟರೆ ದಿನಕ್ಕೆ 1.67 ಯೂನಿಟ್ಟು, ತಿಂಗಳಿಗೆ 50 ಯೂನಿಟ್ಟು. ಭಾಗ್ಯಜ್ಯೋತಿಯ ಕಾಲದಲ್ಲಿ ಮನೆಗೊಂದೇ ದೀಪದ ಸಂಪರ್ಕ ಕೊಟ್ಟು ಬಂದವನು ನಾನು. ಆ ಮನೆಗಳಲ್ಲಿ ಆರೇಳು ಜನರಿರುತ್ತಿದ್ದರು. ಇಲ್ಲಿ ಗಡ್ಡಪ್ಪ ಒಬ್ಬನೇ.

ಒಬ್ಬನೇ ಇರಬೇಕಂತೆ, ಅದೂ ನಿಯಮ. ‘ಪಾಪ, ಜೊತೆಗೊಂದು ಬೇಡವಾ’ ಎಂದು ಮಗಳು ಕರಗಿದ್ದಳು. ಬೇಡ. ಇಬ್ಬರಿದ್ದರೆ ಬಿಸಿಲಿನ ಕಲ್ಲಿಗೆ ಜಗಳ; ದೊಡ್ಡದು ಚಿಕ್ಕದರ ಬಾಲ, ಬೆರಳು ಕಚ್ಚುತ್ತದೆ. ನಮ್ಮ ಗೋಡೆಯ ಹಲ್ಲಿಗೆ ಬಾಲ ಹೋದರೆ ಇನ್ನೊಂದು ಬರುತ್ತದೆ. ಇದಕ್ಕೆ ಹೋದದ್ದು ಹೋಯಿತು.

ಇನ್ನು ಆ ಟ್ಯೂಬಿನ ವಿಷಯ. ಇದನ್ನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಲವತ್ತು ಡಿಗ್ರಿ ಬಿಸಿ ಕೊಟ್ಟ ಮಾತ್ರಕ್ಕೆ ಬಿಸಿಲು ಕೊಟ್ಟಂತಾಗಲಿಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಯುವಿಬಿ ಎಂಬ ಕಿರಣವಿದೆ. ಅದು ಚರ್ಮಕ್ಕೆ ಬಿದ್ದರೆ ಒಳಗೆ ಡಿ3 ಜೀವಸತ್ವ ತಯಾರಾಗುತ್ತದೆ. ಡಿ3 ಇದ್ದರೆ ತಿಂದ ಸುಣ್ಣದ ಅಂಶ ರಕ್ತಕ್ಕೆ ಸೇರುತ್ತದೆ. ಇಲ್ಲದಿದ್ದರೆ ಎಷ್ಟು ತಿನ್ನಿಸಿದರೂ ವ್ಯರ್ಥ. ಬೆಳೆಯುವ ಮೈ ತನ್ನ ಮೂಳೆಯಿಂದಲೇ ಸುಣ್ಣ ಕಿತ್ತುಕೊಳ್ಳುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಮೈ ನಡುಗುತ್ತದೆ. ಸಾಕಿದ ಮರಿಗಳನ್ನು ವೈದ್ಯರ ಬಳಿಗೆ ಒಯ್ಯುವಂತೆ ಮಾಡುವ ದೊಡ್ಡ ಕಾಯಿಲೆಗಳಲ್ಲಿ ಇದೊಂದು, ಕಾರಣ ಬಹುತೇಕ ಒಂದು ಟ್ಯೂಬು.

ಕಿಟಕಿ ಪಕ್ಕ ಇಟ್ಟರಾಗದೆ? ಆಗದು. ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಬಿಸಿ ಮಾತ್ರ ಒಳಗೆ ಬಂದು ಗಾಜಿನ ಪೆಟ್ಟಿಗೆಯಲ್ಲಿ ಮರಿ ಬೆಂದೇ ಹೋಗುತ್ತದೆ. ಹಾಗಾಗಿ ಉದ್ದನೆಯ ಟಿ5 ಟ್ಯೂಬೇ ಬೇಕು, ಅದು ಬಿಸಿ ದೀಪ ಇರುವ ಕೊನೆಯಿಂದ ಶುರುವಾಗಬೇಕು, ಕೂರುವ ಜಾಗಕ್ಕೆ ಒಂದಡಿಯ ಆಸುಪಾಸಿನಲ್ಲಿರಬೇಕು. ನಡುವೆ ಗಾಜಂತೂ ಇರಲೇಕೂಡದು, ಬಲೆ ಇದ್ದರೆ ಅದೂ ಒಂದಿಷ್ಟು ಕಿರಣ ತಿನ್ನುತ್ತದೆ. ಇದೆಲ್ಲ ಸರಿ. ನನಗೆ ಅರಗದೇ ಹೋದ ಸಂಗತಿ ಇನ್ನೊಂದು: ಆರು ತಿಂಗಳೋ ವರ್ಷವೋ ಆದಮೇಲೆ ಟ್ಯೂಬು ಝಗಝಗ ಉರಿಯುತ್ತಲೇ ಇರುತ್ತದೆ, ಯುವಿಬಿ ಮಾತ್ರ ಕುಸಿದಿರುತ್ತದೆ. ಉರಿಯುವ ದೀಪ ಒಳ್ಳೆಯ ದೀಪ ಎಂಬ ನಂಬಿಕೆಯ ಮೇಲೆ ನನ್ನ ಇಡೀ ಸರ್ವಿಸು ನಡೆದಿತ್ತು. ಹಾಜರಿ ಹಾಕಿ ಕುರ್ಚಿಯಲ್ಲಿ ಕೂತು ಕೆಲಸ ಮಾತ್ರ ಮಾಡದವರನ್ನು ನೋಡಿದ್ದೆ, ಟ್ಯೂಬ್‌ಲೈಟಿನಲ್ಲೂ ಆ ಜಾತಿ ಇದೆ ಎಂದು ಗೊತ್ತಿರಲಿಲ್ಲ. ಮಾರ್ಕರ್ ಪೆನ್ನಿನಲ್ಲಿ ಟ್ಯೂಬಿನ ತುದಿಗೆ ಹಾಕಿದ ತಾರೀಖು, ತೆಗೆಯಬೇಕಾದ ತಾರೀಖು ಎರಡನ್ನೂ ಬರೆದೆ.

ಈ ಯುವಿ ಮಹಾತ್ಮೆಯ ನಡುವೆ ಬೆಳಗಿನ ಎಂಟು ಗಂಟೆಗೆ ಆ ಮನೆಯಲ್ಲಿ ನಡೆಯುವುದನ್ನು ನೋಡಬೇಕು. ಆಸ್ಟ್ರೇಲಿಯಾದ ಬಿಸಿಲು ಚರ್ಮಕ್ಕೆ ಕೆಟ್ಟದ್ದು. ಅಲ್ಲಿನ ಶಾಲೆಗಳಲ್ಲಿ ‘ನೋ ಹ್ಯಾಟ್, ನೋ ಪ್ಲೇ’ ಎಂದೇ ಕಟ್ಟಳೆ, ಟೋಪಿ ಇಲ್ಲದ ಮಗು ನೆರಳಿನಲ್ಲೇ ಕೂರಬೇಕು. ಮಗಳು ಮೊಮ್ಮಗಳನ್ನು ಹಿಡಿದು ನಿಲ್ಲಿಸಿ ಯುವಿ ತಾಗದಿರಲಿ ಎಂದು ಮುಖ, ಕತ್ತು, ಮೊಣಕೈಗೆಲ್ಲ ಸನ್‌ಸ್ಕ್ರೀನ್ ಮೆತ್ತುತ್ತಾಳೆ. ಅದೇ ಹೊತ್ತಿಗೆ ಹಿಂದಿನ ಗೋಡೆಯ ಬದಿಯಲ್ಲಿ ಟಕ್ ಎಂದು ಟೈಮರ್ ಬಿದ್ದು, ಕಾಸು ಕೊಟ್ಟು ತಂದ ಯುವಿ ಗಡ್ಡಪ್ಪನ ಮೇಲೆ ಸುರಿಯತೊಡಗುತ್ತದೆ.

ಬೆಚ್ಚಗಿನ ದಿನ ಅವನನ್ನು ಹಿತ್ತಿಲ ನಿಜವಾದ ಬಿಸಿಲಿಗೂ ಒಯ್ಯುತ್ತೇವೆ. ಸುತ್ತ ಬಲೆ, ಅರ್ಧ ನೆರಳು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಾನು. ಆ ದೇಶದಲ್ಲಿ ಕುಕಬರಾ ಎಂಬ ಹಕ್ಕಿಯಿದೆ, ನಮ್ಮ ಮಿಂಚುಳ್ಳಿಯ ಬಳಗ. ಕೇಕೆ ಹಾಕಿ ನಗುತ್ತದೆ, ಓತಿ ಹಲ್ಲಿಗಳನ್ನು ಎತ್ತಿಕೊಂಡು ಹೋಗಿ ಕೊಂಬೆಗೆ ಬಡಿದು ನುಂಗುತ್ತದೆ. ಬೇಲಿ ಮೇಲೆ ಅದು ಬಂದು ಕೂತಿತೆಂದರೆ ಗಡ್ಡಪ್ಪ ನೆಲಕ್ಕೆ ಅಂಟಿಕೊಂಡು ಒಂದು ಕಣ್ಣನ್ನು ಮೇಲೆ ತಿರುಗಿಸುತ್ತಾನೆ. ಎರಡಲ್ಲ, ಮೂರು ಕಣ್ಣೆನ್ನಬೇಕು. ಅವನ ನೆತ್ತಿಯ ನಡುವೆ, ಸಾಸಿವೆ ಕಾಳಿಗಿಂತ ಚಿಕ್ಕದಾಗಿ, ಮಾಸಲು ಚುಕ್ಕೆಯೊಂದಿದೆ. ಅದೂ ಕಣ್ಣೇ. ರೂಪ ಕಾಣಿಸದು, ಬೆಳಕು ನೆರಳು ತಿಳಿಯುತ್ತದೆ. ಮೇಲಿನಿಂದ ನೆರಳು ಬಿದ್ದರೆ ಹದ್ದು ಬಂತೆಂದೇ ಲೆಕ್ಕ, ಅದಕ್ಕೇ ಅವನನ್ನು ಮೇಲಿನಿಂದ ಕೈ ಹಾಕಿ ಎತ್ತಬಾರದು. ಪಕ್ಕದಿಂದ ನಿಧಾನಕ್ಕೆ ಅಂಗೈ ತಂದು ಹೊಟ್ಟೆಯಡಿಗೆ ಸರಿಸಬೇಕು. ಮುಕ್ಕಣ್ಣ ಎಂದು ಗೊತ್ತಾದ ದಿನದಿಂದ ನನ್ನಾಕೆಯ ಧೋರಣೆ ಕೊಂಚ ಮೆತ್ತಗಾಯಿತು.

ಅಲ್ಲಿಯವರೆಗೆ ಅವಳದು ಕಡುವಿರೋಧ. ತಪ್ಪೇನಿಲ್ಲ. ಮರಿ ಗಡ್ಡಪ್ಪನ ಊಟದಲ್ಲಿ ಮುಕ್ಕಾಲು ಪಾಲು ಹುಳ, ಕಾಲು ಪಾಲು ಸೊಪ್ಪು. ದೊಡ್ಡವನಾದ ಮೇಲೆ ಇದು ತಿರುಗಾಮುರುಗಾ. ಹುಳ ಎಂದರೆ ಬಚ್ಚಲಮನೆಯ ಮೂಲೆಯಲ್ಲಿ ರಾತ್ರಿಯಿಡೀ ಕಿರ್ರೆನ್ನುವ ಕ್ರಿಕೆಟ್ ಹುಳ, ಇಲ್ಲವೇ ಜಿರಲೆ. ಊರಿನಲ್ಲಿ ಲಕ್ಷ್ಮಣ ರೇಖೆ ಎಳೆದು ಜಿರಲೆ ಓಡಿಸಿದ ಕೈಯಿಂದ ಇಲ್ಲಿ ಡಬ್ಬಿಯಲ್ಲಿ ಜಿರಲೆ ಕೊಂಡು ತಂದು, ಅವುಗಳ ಹೊಟ್ಟೆಗೆ ಕ್ಯಾರೆಟ್ ಹಾಕಿ ಸಾಕಬೇಕು. ಹುಳ ಏನು ತಿಂದಿರುತ್ತದೋ ಅದೇ ತಾನೇ ಗಡ್ಡಪ್ಪನ ಹೊಟ್ಟೆಗೆ ಸೇರುವುದು! ಆಮೇಲೆ ಹುಳಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕ್ಯಾಲ್ಸಿಯಂ ಪುಡಿ ಉದುರಿಸಿ ಕುಲುಕಬೇಕು, ಬೆಳ್ಳಗಾಗಿ ಈಚೆ ಬರುತ್ತವೆ. ‘ಒಂದು ಕಾಲದಲ್ಲಿ ನಿಮ್ಮಮ್ಮನಿಗೂ ಎಲೆಗೆ ಇಷ್ಟು ನಾಜೂಕಾಗಿ ಸುಣ್ಣ ಸವರಿ ಕೊಟ್ಟಿಲ್ಲ ನಾನು’ ಎಂದಳು ನನ್ನಾಕೆ.

ಹುಳದ ಗಾತ್ರಕ್ಕೂ ಅಳತೆಯಿದೆ: ಗಡ್ಡಪ್ಪನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದು ಕೂಡದು. ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷದಲ್ಲಿ ಎಷ್ಟು ತಿನ್ನುತ್ತಾನೋ ಅಷ್ಟು. ಕಲ್ಲಿನ ಮೇಲೆ ಸತ್ತವನ ಹಾಗೆ ಬಿದ್ದಿರುವವನು ಹುಳ ಕಂಡೊಡನೆ ಕತ್ತನ್ನು ಒಂದಿಷ್ಟು ಓರೆ ಮಾಡುತ್ತಾನೆ. ಬಾಲದ ತುದಿ ಎರಡು ಸಲ ಆಡುತ್ತದೆ. ನಾಲಿಗೆ ಹೊರಬಂದದ್ದು ಕಾಣುವುದಿಲ್ಲ. ಹುಳ ಇದ್ದ ಜಾಗದಲ್ಲಿ ಹುಳ ಇಲ್ಲ, ಬಾಯಂಚಿನಲ್ಲಿ ಒಂದು ಕಾಲು ಮಾತ್ರ ಅಲ್ಲಾಡುತ್ತಿದೆ, ಮುಖದಲ್ಲಿ ಏನೂ ನಡೆದಿಲ್ಲವೆಂಬ ಭಾವ. ತಿಂದು ಮಿಕ್ಕಿದ ಹುಳಗಳನ್ನು ರಾತ್ರಿಗೆ ಮೊದಲು ಹಿಡಿದು ತೆಗೆಯಬೇಕು, ಇಲ್ಲವಾದರೆ ಮಲಗಿದವನನ್ನು ಅವೇ ಕಚ್ಚುತ್ತವೆ. ಟಾರ್ಚ್ ಹಿಡಿದು ಪೆಟ್ಟಿಗೆಯೊಳಗೆ ತಲೆ ತೂರಿಸಿ ತಪ್ಪಿಸಿಕೊಂಡ ಕ್ರಿಕೆಟ್ ಹುಡುಕುವ ಅಳಿಯಂದಿರನ್ನು ನೋಡಿದರೆ ಐಟಿ ಕಂಪನಿಯವರು ಅವರಿಗೆ ಸಂಬಳ ಕೊಡುವುದು ಯಾವುದಕ್ಕೆ ಎಂಬುದೇ ಮರೆತುಹೋಗುತ್ತದೆ.

ಸೊಪ್ಪಿನ ಇಲಾಖೆ ನನ್ನಾಕೆಯದಾಯಿತು. ಸಾಸಿವೆ ಸೊಪ್ಪು ಆಗಬಹುದು, ಸಿಹಿಗುಂಬಳ ತುರಿದು ಹಾಕಬಹುದು. ಪಾಲಕ್ ದಿನವೂ ಬೇಡ, ಅದರಲ್ಲಿರುವ ಆಕ್ಸಲೇಟು ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಣ್ಣೆಹಣ್ಣು ವಿಷ. ದಾಸವಾಳದ ಹೂವು ಪರಮಪ್ರಿಯ. ಮಗಳ ಹಿತ್ತಿಲಲ್ಲಿ ದಾಸವಾಳ ಸೊಗಸಾಗಿ ಬರುತ್ತದೆ, ಬೆಳಗ್ಗೆ ಕೊಯ್ದ ಮೊದಲ ಹೂವು ದೇವರಿಗೆ, ಎರಡನೆಯದು ಗಡ್ಡಪ್ಪನಿಗೆ. ಮೂರನೆಯದು ಬಿಟ್ಟರೆ ಗಿಡಕ್ಕೆ.

ಅವಳಿಗೆ ನಿಜವಾದ ಜಯ ಸಿಕ್ಕಿದ್ದು ಪಶುವೈದ್ಯರಿಂದ. ಮರಿಯ ಹಿಕ್ಕೆಯಲ್ಲಿ ಜಂತು ಇದೆಯೇ ನೋಡಿಸಲು ಹೋಗಿದ್ದೆವು. ಆಕೆ ಹೇಳಿ ಕಳಿಸಿದರು: ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಇರಬಹುದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಅಡಿಗೆಮನೆಗೆ ತರಬೇಡಿ, ಅದರ ಬಟ್ಟಲನ್ನು ನಿಮ್ಮ ಪಾತ್ರೆಗಳ ಜೊತೆ ತೊಳೆಯಬೇಡಿ, ಮುತ್ತು ಕೊಡಬೇಡಿ. ಮೂವತ್ತು ವರ್ಷದಿಂದ ಇದನ್ನೇ ಮಡಿ ಎಂದು ಹೇಳಿದಾಗ ಮನೆಮಂದಿಯೆಲ್ಲ ನಕ್ಕಿದ್ದರು. ಈಗ ಫೀಸು ಕೊಟ್ಟು ಕೇಳಿಕೊಂಡು ಬಂದೆವು. ನನ್ನಾಕೆ ಕಾರಿನಲ್ಲಿ ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ, ಕಿಟಕಿಯಾಚೆ ನೋಡುತ್ತ ಮುಗುಳ್ನಗುತ್ತಿದ್ದಳು.

ಗಡ್ಡಪ್ಪನಿಗೆ ನಮ್ಮ ಹಲ್ಲಿಗಳ ಹಾಗೆ ಲೊಚಗುಟ್ಟುವ ಅಭ್ಯಾಸವಿಲ್ಲ. ಆದ್ದರಿಂದ ಮಾತಿನ ನಡುವೆ ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಎನ್ನುವ ಪ್ರಮೇಯ ಬರುವುದಿಲ್ಲ. ಹೆಗಲ ಮೇಲೆ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿ ಹುಡುಕಿದೆವು. ಪಂಚಾಂಗದವರು ಇಷ್ಟು ದೊಡ್ಡದನ್ನು ನಿರೀಕ್ಷಿಸಿರಲಿಲ್ಲ. ಅವನದು ಅಂಗಸನ್ನೆಯ ಭಾಷೆ. ದೊಡ್ಡವರನ್ನು ಕಂಡಾಗ ಒಂದು ಮುಂಗಾಲೆತ್ತಿ ನಿಧಾನವಾಗಿ ಗಾಳಿಯಲ್ಲಿ ಸುತ್ತು ತಿರುಗಿಸುತ್ತಾನೆ. ನೋಡಿದವರೆಲ್ಲ ಟಾಟಾ ಮಾಡುತ್ತಿದ್ದಾನೆಂದು ಮುದ್ದಾಡಲು ಹೋಗುತ್ತಾರೆ. ಅದರ ಅರ್ಥ ‘ತಾವೇ ದೊಡ್ಡವರು, ನನ್ನಷ್ಟಕ್ಕೆ ಬಿಟ್ಟುಬಿಡಿ’ ಎಂದು. ಬಾಯಿ ಕಳೆದು ಕೂತಿದ್ದರೆ ಸಿಟ್ಟಲ್ಲ, ಮೈ ಸಾಕಷ್ಟು ಕಾದಿದೆ ಎಂದು. ಗಾಜನ್ನು ಪರಪರ ಕೆರೆಯುತ್ತಿದ್ದರೆ ಮನೆಯಲ್ಲಿ ಏನೋ ಸರಿಯಿಲ್ಲ ಎಂದು: ಬಿಸಿ ಹೆಚ್ಚಾಗಿದೆ, ಜಾಗ ಸಾಲದು, ಇಲ್ಲವೇ ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಂಡು ಯಾರೋ ಬಾಡಿಗೆಗೆ ಬಂದಿದ್ದಾರೆಂದು ತಿಳಿದಿದ್ದಾನೆ.

ನಿಮ್ಮ ಮಕ್ಕಳೋ ಮೊಮ್ಮಕ್ಕಳೋ ಪರದೇಶದಲ್ಲಿ ಇಂಥದ್ದೊಂದಕ್ಕೆ ಹಟ ಹಿಡಿದಿದ್ದರೆ ಬೇಡವೆನ್ನಬೇಡಿ, ಒಳ್ಳೆಯ ಪ್ರಾಣಿ. ಆದರೆ ಮೊದಲು ದೀಪ ಕೊಳ್ಳಲಿ, ಆಮೇಲೆ ಪೆಟ್ಟಿಗೆ, ಎಲ್ಲಕ್ಕಿಂತ ಕೊನೆಗೆ ಮರಿ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷದ ಆಸುಪಾಸು ಬದುಕುತ್ತದೆ, ಬಾಲ ಸೇರಿ ಒಂದೂವರೆ ಎರಡಡಿ ಬೆಳೆಯುತ್ತದೆ. ನಮ್ಮ ಮೊಮ್ಮಗಳಿಗೆ ಈಗ ಹತ್ತು. ಅವಳು ಕಾಲೇಜಿಗೆ ಹೊರಟ ಮೇಲೆ ಹುಳ ಹಾಕುವವರು ಯಾರು ಎಂದು ಮಗಳು ಕೇಳಿದಾಗ, ಅಳಿಯಂದಿರು ನನ್ನ ಕಡೆ ತಿರುಗಿ ವೀಸಾ ನವೀಕರಣದ ಬಗ್ಗೆ ಬಹಳ ಗೌರವದಿಂದ ವಿಚಾರಿಸಿದರು. ಮರಿ ತರುವ ಮುನ್ನ ಮನೆಯ ಹಿರಿಯರನ್ನು ಒಂದು ಮಾತು ಕೇಳಲು ನಿಮ್ಮವರಿಗೂ ಹೇಳಿ.